ರಾತ್ರಿ ಯಾರಪ್ಪನ ಆಸ್ತಿ?

ಪೋಸ್ಟು ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಡಿಸೆಂಬರ್ ಕೊನೇ ವಾರ ಬಂತು ಅಂದ್ರೆ ಟಿವಿಯವರಿಗೆ ಎಂ.ಜಿ. ರೋಡು, ಬ್ರಿಗೇಡ್ ರೋಡು ಬಿಟ್ಟರೆ ಬೇರೆ ಊರೇ ಕಾಣಲ್ಲ. ಒಂದು ಕಡೆ ಕೂತವರು "ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇರಲಿಲ್ಲ, ರಾತ್ರಿ ಹೊತ್ತು ಮಕ್ಕಳಿಗೆ ಮನೆ ಹೊರಗೆ ಏನು ಕೆಲಸ" ಅಂತಾರೆ. ಇನ್ನೊಂದು ಕಡೆಯವರು ಓದಿಕೊಂಡವರು. "ಹದಿನೆಂಟು ದಾಟಿದ ಹುಡುಗ ಹುಡುಗಿಯರು ಮೊದಲ ಸಲ ಅಪ್ಪ ಅಮ್ಮನ ಕಣ್ಣು ತಪ್ಪಿಸಿ ರಾತ್ರಿ ಹೊರಗೆ ಹೋಗೋದು, ಗೆಳೆಯರ ಜೊತೆ ಕುಣಿಯೋದು, ಬೆಳಗಾಗೋದು ನೋಡೋದು, ಇದು ದೊಡ್ಡವರಾಗೋ ಒಂದು ಮೆಟ್ಟಿಲು" ಅಂತ ವಿವರಿಸ್ತಾರೆ. ನನಗೆ ಎರಡನೆಯವರ ಮಾತಿನ ಮೇಲೆ ಸಿಟ್ಟಿಲ್ಲ. ಮಕ್ಕಳು ಕುಣಿದರೆ ಯಾರ ಗಂಟೇನು ಹೋಗುತ್ತೆ? ಆದರೆ ಇಬ್ಬರೂ ಸೇರಿ ಒಂದು ವಿಷಯ ಮರೆತಿದ್ದಾರೆ. ಕರ್ನಾಟಕದಲ್ಲಿ ಹುಡುಗರು ರಾತ್ರಿಯಲ್ಲಿ ದೊಡ್ಡವರಾಗೋದು 1980ರ ದಶಕದಲ್ಲಿ ಬೆಂಗಳೂರಿಗೆ ಪಬ್ಬು ಬಂದ ಮೇಲೆ ಶುರುವಾಗಿದ್ದಲ್ಲ. ನಮ್ಮ ಕೇರಿಯ ಮಕ್ಕಳು ತಲೆತಲಾಂತರದಿಂದ ರಾತ್ರಿಯಲ್ಲೇ ದೊಡ್ಡವರಾದದ್ದು. ಹೇಗೆ ಅಂತ ಯಾವ ಚಾನೆಲ್ಲೂ ಕೇಳಲ್ಲ, ಅದಕ್ಕೇ ಬರೀತಿದ್ದೀನಿ.

ಮೊದಲು ತೋಟಿ, ತಳವಾರ, ನೀರುಗಂಟಿ, ಕುಳವಾಡಿ, ವಾಲೀಕಾರ. ಹಳೇ ಮೈಸೂರಲ್ಲಿ ಒಂದು ಹೆಸರು, ಮುಂಬೈ ಕರ್ನಾಟಕದಲ್ಲಿ ಇನ್ನೊಂದು. ಸರ್ಕಾರದ ಕಡತದಲ್ಲಿ ಇವಕ್ಕೆಲ್ಲ ಒಟ್ಟಿಗೆ 'ಕೆಳದರ್ಜೆಯ ಗ್ರಾಮ ಹುದ್ದೆಗಳು' ಅಂತ ಹೆಸರು. ಪಟೇಲ, ಶಾನುಭೋಗರದ್ದು ಮೇಲ್ದರ್ಜೆ. ಹಗಲಲ್ಲಿ ಕೂತು ಲೆಕ್ಕ ಬರೆಯೋದು ಮೇಲ್ದರ್ಜೆ, ರಾತ್ರಿ ಎದ್ದು ಊರು ಕಾಯೋದು ಕೆಳದರ್ಜೆ. ಕೆರೆ ತೂಬು ಎತ್ತಿ ಯಾರ ಗದ್ದೆಗೆ ಯಾವ ಜಾವದಲ್ಲಿ ನೀರು ಅಂತ ನೋಡಿಕೊಳ್ಳೋನು ನೀರುಗಂಟಿ. ಅದೇ ಕೆರೆಯಲ್ಲಿ ಅವನು ಬೊಗಸೆ ನೀರು ಕುಡಿಯೋ ಹಾಗಿರಲಿಲ್ಲ. ದಂಡಿನವರು, ಅಮಲ್ದಾರರು ಬಂದರೆ ಪಂಜು ಹಿಡಿದು ಮುಂದೆ ನಡೆಯೋದು, ಕಂದಾಯದ ದುಡ್ಡು ಹೊತ್ತವರ ಜೊತೆ ಕಾವಲು ಹೋಗೋದು, ಊರಲ್ಲಿ ಯಾರಾದರೂ ಸತ್ತರೆ ರಾತ್ರೋರಾತ್ರಿ ನೆಂಟರ ಊರುಗಳಿಗೆ ನಡೆದು ಸುದ್ದಿ ಮುಟ್ಟಿಸೋದು, ಇದೆಲ್ಲ ಇವರ ಪಾಲು.

ನಮ್ಮ ತಾತ ತೋಟಿ. ಅಪ್ಪನಿಗೆ ಹದಿಮೂರೋ ಹದಿನಾಲ್ಕೋ ಇದ್ದಾಗ ತಾತನಿಗೆ ಜ್ವರ ಬಂದಿತ್ತಂತೆ. ಊರ ದೊಡ್ಡ ಮನೆಯಲ್ಲಿ ಸಾವು. "ನಿನ್ ಮಗನ್ನ ಕಳಿಸ್ಲಾ" ಅಂತ ಹೇಳಿಕಳಿಸಿದರು. ಅಪ್ಪ ಒಬ್ಬನೇ ಮೂರು ಊರು ಸುತ್ತಿ, ಪ್ರತಿ ಮನೆಯ ಹೊರಗೆ ದೂರ ನಿಂತು ಕೂಗಿ ಹೇಳಿ, ಕೋಳಿ ಕೂಗೋ ಹೊತ್ತಿಗೆ ವಾಪಸ್ ಬಂದ. ಒಂದು ಸೇರು ರಾಗಿ ಕೊಟ್ಟರು. ಆವತ್ತು ಊರಿನವರು ಹೇಳಿದ ಮಾತು: "ಪರ್ವಾಗಿಲ್ಲ, ಇವನೂ ಆಳಾದ." ಕನ್ನಡದಲ್ಲಿ 'ಆಳು' ಅಂದ್ರೆ ಬೆಳೆದ ಗಂಡಸು ಅಂತಲೂ ಅರ್ಥ, ಕೂಲಿಯವನು ಅಂತಲೂ ಅರ್ಥ. ನಮ್ಮವರ ಮಟ್ಟಿಗೆ ಆ ಎರಡು ಅರ್ಥಗಳ ನಡುವೆ ಒಂದು ದಿನದ ಅಂತರ ಕೂಡ ಇರಲಿಲ್ಲ. ಅದೇ ಪದಕ್ಕೆ ರಾಜ್ಯ ಆಳೋದು ಅನ್ನೋ ಮೂರನೇ ಅರ್ಥವೂ ಇದೆ, ಅದು ಬೇರೆಯವರಿಗೆ ಮೀಸಲಾಗಿತ್ತು.

ಇದನ್ನು ಕಾನೂನಿನ ಭಾಷೆಯಲ್ಲಿ ಮೊದಲು ಸರಿಯಾಗಿ ಹಿಡಿದವರು ಬಾಬಾಸಾಹೇಬರು. ಬೆಳಗಾವಿ, ಬಿಜಾಪುರ, ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಅವರು 1874ರ ವತನ್ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಅವರ ವಾದದ ತಿರುಳು ಇಷ್ಟೇ: ಈ ಚಾಕರಿಗೆ ಹಗಲು ರಾತ್ರಿ ಅಂತ ಗಡಿಯೇ ಇಲ್ಲ. ಕೆಲಸದವನು ಸಿಗದಿದ್ದರೆ ಅವನ ಅಪ್ಪನನ್ನೋ, ಮನೆಯ ಇನ್ನೊಬ್ಬರನ್ನೋ ಎಳೆದುಕೊಂಡು ಹೋಗ್ತಾರೆ. ಅಂದರೆ ಸಂಬಳ ಒಬ್ಬನಿಗೆ, ದುಡಿಮೆ ಇಡೀ ಮನೆಯದ್ದು. ಆ ಸಂಬಳವೂ ಒಂದು ತುಂಡು ವತನ್ ಜಮೀನು, ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತರೆ ಸಿಗೋ ಕಾಳು. ಆಗ ಆ ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ತೋಟಿ ತಳವಾರಿ ಜಮೀನಿನ ಕೇಸುಗಳು ತಾಲ್ಲೂಕು ಕಚೇರಿಗಳಲ್ಲಿ ಇವತ್ತಿಗೂ ಓಡ್ತಾನೇ ಇವೆ. ಕಚೇರಿ ಗುಮಾಸ್ತನಾಗಿ ಅಂಥ ಫೈಲುಗಳ ದಾರ ನಾನೇ ಎಷ್ಟೋ ಸಲ ಕಟ್ಟಿದ್ದೀನಿ, ಬಿಚ್ಚಿದ್ದೀನಿ.

ಎರಡನೇ ಕತೆ ಇನ್ನೂ ಕೆಟ್ಟದ್ದು. ಬ್ರಿಟಿಷರು 1871ರಲ್ಲಿ ಉತ್ತರ ಭಾರತಕ್ಕೆ ಅಂತ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ತಂದರು. 1911ರಲ್ಲಿ ಅದು ಇಡೀ ಬ್ರಿಟಿಷ್ ಭಾರತಕ್ಕೆ ಬಂತು, 1924ರಲ್ಲಿ ಮತ್ತೆ ಬಿಗಿಯಾಯ್ತು. ನಮ್ಮ ಭಾಗದಲ್ಲಿ ಕೊರಚರು, ಗಂಟಿಚೋರರು, ಹರಣಶಿಕಾರಿಗಳು, ಕಂಜರಭಾಟರು, ಛಪ್ಪರಬಂದರು, ಹೀಗೆ ಅನೇಕ ಜನಾಂಗಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ರಿಜಿಸ್ಟರಿಗೆ ಹಾಕಿದರು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿ ಬೇಲಿಯ ಸೆಟ್ಲಮೆಂಟು ಮಾಡಿ ಅದರೊಳಗೆ ಇಟ್ಟರು. ಹುಬ್ಬಳ್ಳಿ ಗದಗದ ಕಡೆ ಇವತ್ತೂ ಆಟೋದವರಿಗೆ ಸೆಟ್ಲಮೆಂಟ್ ಅಂದ್ರೆ ಸಾಕು, ಕರ್ಕೊಂಡು ಹೋಗ್ತಾರೆ. ಬೇಲಿ ಹೋಗಿದೆ, ಹೆಸರು ಹೋಗಿಲ್ಲ.

ಆ ಕಾಯ್ದೆಯಲ್ಲಿ ಮಗು ಅಂದ್ರೆ ಯಾರು ಅಂತ ಒಂದು ವ್ಯಾಖ್ಯೆ ಇದೆ. ಆರು ವರ್ಷಕ್ಕೆ ಮೇಲೆ, ಹದಿನೆಂಟಕ್ಕೆ ಕೆಳಗೆ. ಆ ವಯಸ್ಸಿನ ಮಕ್ಕಳನ್ನು ಅಪ್ಪ ಅಮ್ಮನಿಂದ ಬಿಡಿಸಿ ಸುಧಾರಣಾ ಶಾಲೆಗೆ ಹಾಕೋ ಅಧಿಕಾರ ಸರ್ಕಾರಕ್ಕಿತ್ತು. ಬೆಳೆದ ಮೇಲೆ ರಿಜಿಸ್ಟರು, ಬೆರಳಚ್ಚು, ಹಾಜರಿ. ಮದ್ರಾಸ್ ಪ್ರಾಂತ್ಯದ ಕೆಲವು ಕಡೆ ರಾತ್ರಿ 11ಕ್ಕೆ ಒಂದು ಸಲ, ಬೆಳಗಿನ ಜಾವ 3ಕ್ಕೆ ಇನ್ನೊಂದು ಸಲ ಬಂದು ಹಾಜರಿ ಹಾಕಬೇಕಿತ್ತು. ಸ್ವಲ್ಪ ಯೋಚನೆ ಮಾಡಿ. ಹೊಸದಾಗಿ ಮದುವೆಯಾದ ಹುಡುಗ 11ಕ್ಕೆ ಎದ್ದು ಹೋಗಬೇಕು, 3ಕ್ಕೆ ಮತ್ತೆ ಎದ್ದು ಹೋಗಬೇಕು. ಪಕ್ಕದ ಊರಿನ ಜಾತ್ರೆಗೆ ಹೋಗಬೇಕಾದರೆ ಪಾಸು. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದರೆ ಅಪರಾಧ. ಹಗಲಲ್ಲಿ ಅದೇ ಹುಡುಗರನ್ನ ಹತ್ತಿ ಗಿರಣಿಗಳಲ್ಲಿ ದುಡಿಸಿದರು. ಗಿರಣಿಗೆ ಅಗ್ಗದ ಕೂಲಿ, ಸರ್ಕಾರಕ್ಕೆ ಸುಧಾರಣೆ ಮಾಡಿದ ಹೆಸರು.

ಬೇರೆಯವರ ಮಕ್ಕಳಿಗೆ ಪ್ರಾಯ ಬಂದಾಗ ಜನಿವಾರ ಹಾಕಿದರು, ಪೇಟ ಕಟ್ಟಿದರು. ಈ ಮಕ್ಕಳಿಗೆ ಪ್ರಾಯ ಬಂದಾಗ ಬೆರಳಿಗೆ ಮಸಿ ಹಚ್ಚಿದರು.

1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯ್ತು. ಅದಕ್ಕೇ ಆ ಸಮುದಾಯಗಳು ಆಗಸ್ಟ್ 15ಕ್ಕಿಂತ ಆಗಸ್ಟ್ 31ನ್ನು ವಿಮುಕ್ತ ದಿನ ಅಂತ ಆಚರಿಸೋದು. ಐದು ವರ್ಷ ತಡವಾಗಿ ಬಂದ ಸ್ವಾತಂತ್ರ್ಯ. ಆದರೂ 'ರೂಢಿಗತ ಅಪರಾಧಿಗಳ ಕಾಯ್ದೆ' ಅಂತ ಇನ್ನೊಂದು ಅಂಗಿ ಹಾಕ್ಕೊಂಡು ಅದೇ ದೆವ್ವ ವಾಪಸ್ ಬಂತು. ಕರ್ನಾಟಕದ್ದೂ 1961ರದ್ದೇ. ತೋಟಿಯನ್ನು ರಾತ್ರಿಯ ಚಾಕರಿಯಿಂದ ಬಿಡಿಸಿದ ವರ್ಷವೂ ಅದೇ ನೋಡಿ! ಒಂದು ಕೈಯಲ್ಲಿ ಬಿಚ್ಚಿದರು, ಇನ್ನೊಂದು ಕೈಯಲ್ಲಿ ಕಟ್ಟಿದರು.

ಹೆಣ್ಣುಮಕ್ಕಳ ವಿಷಯ ಬರೆಯೋಕೆ ಕೈ ಬರಲ್ಲ, ಆದರೂ ಬರೆಯದಿದ್ದರೆ ಅನ್ಯಾಯ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ನಮ್ಮ ಹೊಲೆಮಾದಿಗರ ಮನೆಯ ಮಕ್ಕಳು. ಮುತ್ತು ಕಟ್ಟುವಾಗ ಅವಕ್ಕೆ ಏನೂ ತಿಳಿದಿರಲಿಲ್ಲ. ಮೈನೆರೆದ ಮೇಲೆ ಒಂದು ರಾತ್ರಿ, ಊರಿನ ಯಾವನೋ ಉಳ್ಳವನ ಪಾಲಾಗಿ, ಅವಳು 'ದೊಡ್ಡವಳು' ಆಗ್ತಿದ್ದಳು. ಸಂಸ್ಕೃತಿ ಸಂಸ್ಕೃತಿ ಅಂತ ಗಂಟಲು ಹರ್ಕೊಳ್ಳೋರು ಈ ರಾತ್ರಿಯ ಬಗ್ಗೆ ಒಂದು ಡಿಬೇಟು ಮಾಡಲಿ ನೋಡೋಣ. 1934ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಯ್ದೆ ಬಂತು, ಸಾಲಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೆ ಕಾಯ್ದೆ ಮಾಡಬೇಕಾಯ್ತು. ಕರಾವಳಿಯಲ್ಲಿ ನಮ್ಮ ಕೊರಗ ಬಂಧುಗಳನ್ನು ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಕೂರಿಸಿ ಬೆಳಗಿನವರೆಗೂ ಡೋಲು ಬಾರಿಸುತ್ತಾ ಎಚ್ಚರ ಇರೋಹಾಗೆ ಮಾಡ್ತಿದ್ದರು. ಅಜಲು ಪದ್ಧತಿಯ ನಿಷೇಧಕ್ಕೆ ಕಾನೂನು ಬಂದಿದ್ದು 2000ದಲ್ಲಿ. ಆ ಹೊತ್ತಿಗೆ ಬೆಂಗಳೂರಿಗೆ ಪಬ್ ಸಿಟಿ ಅಂತ ಹೆಸರು ಬಂದು ಎಷ್ಟೋ ವರ್ಷ ಆಗಿತ್ತು.

ಇನ್ನು ಬೆಳಕಿನ ಕತೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ ವಿದ್ಯುತ್ ಬೀದಿದೀಪ ಹತ್ತಿತು ಅಂತ ಶಾಲೆಯಲ್ಲಿ ಓದಿದ್ದೀವಿ, ಹೆಮ್ಮೆ ಪಟ್ಟಿದ್ದೀವಿ. ಆದರೆ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಬೆಂಗಳೂರಿಗಲ್ಲ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ. ಜಾನ್ ಟೇಲರ್ ಕಂಪನಿಗೆ ಯಂತ್ರ ಓಡಬೇಕಿತ್ತು. ಗಣಿಯಲ್ಲಿ ಇಳಿದವರು ಯಾರು? ತಮಿಳು, ತೆಲುಗು ಸೀಮೆಗಳಿಂದ ಜಮೀನ್ದಾರರ ಜೀತ ಬಿಟ್ಟು ಬಂದ ಪಂಚಮರು. ಅವರಿಗೆ ನೆಲದಡಿಯಲ್ಲಿ ಹಗಲೂ ರಾತ್ರಿಯೇ. ಪಾಳಿ ಮುಗಿಸಿ ಮೇಲೆ ಬಂದರೆ ಸಾಲುಮನೆಯ ಒಂದು ಕೋಣೆ. ಆದರೂ ಇಲ್ಲಿ ಒಂದು ವಿಶೇಷ ನಡೆಯಿತು. ಊರಿನ ಗೌಡನ ಕಣ್ಣು ಇಲ್ಲದ ಕಡೆ, ಪಾಳಿ ಮುಗಿದ ಮೇಲಿನ ಹೊತ್ತು ಮೊದಲ ಸಲ ಅವರ ಸ್ವಂತದ್ದಾಯ್ತು. ಮಾರಿಕುಪ್ಪಂನಲ್ಲಿ ಪಂಡಿತ್ ಅಯೋತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಶುರುವಾಯ್ತು. ಬಾಬಾಸಾಹೇಬರು ಬೌದ್ಧರಾಗೋದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಅಲ್ಲಿನ ಕೂಲಿಕಾರರು ಬುದ್ಧನ ಹೆಸರು ಹೇಳ್ತಿದ್ದರು. 1930ರಲ್ಲಿ ಕಂಪನಿ ಎಲ್ಲ ಕಾರ್ಮಿಕರ ಬೆರಳಚ್ಚು ತಗೊಳ್ತೀವಿ ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಸೆಟ್ಲಮೆಂಟಿನ ಮಸಿ ಇವರ ಬೆರಳಿಗೂ ಬರೋದರಲ್ಲಿತ್ತು, ಇವರು ಕೈ ಕೊಡಲಿಲ್ಲ. ಈ ಮುಷ್ಕರದ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲು ಓದಿದ ನೆನಪು ನನಗಿಲ್ಲ.

ರಾತ್ರಿಯನ್ನು ನಮ್ಮದು ಮಾಡಿಕೊಳ್ಳೋ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ 1855ರಲ್ಲಿ ಪುಣೆಯಲ್ಲಿ ರೈತರಿಗೆ, ಕೂಲಿಗಳಿಗೆ ರಾತ್ರಿ ಶಾಲೆ ತೆರೆದರು. ಹಗಲು ಧಣಿಯದ್ದು, ಉಳಿದಿರೋದು ರಾತ್ರಿ ಮಾತ್ರ, ಅದರಲ್ಲೇ ಅಕ್ಷರ ಕಲಿಯಬೇಕು. ಬಾಬಾಸಾಹೇಬರು ಮುಂಬೈ ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯ ಮನೆಯಲ್ಲಿ ಓದಿದ್ದು ನಿಮಗೆ ಗೊತ್ತು. ಸಂಜೆ ಬೇಗ ಮಲಗಿಸಿ ಬೆಳಗಿನ ಜಾವ ಎರಡು ಗಂಟೆಗೆ ಅಪ್ಪ ರಾಮಜಿ ಎಬ್ಬಿಸ್ತಿದ್ದರು. ಆ ಅಪ್ಪ ಎರಡು ಗಂಟೆವರೆಗೆ ನಿದ್ದೆ ಮಾಡದೆ ಕಾದಿರುತ್ತಿದ್ದರು. 1907ರಲ್ಲಿ ಮೆಟ್ರಿಕ್ ಪಾಸು. ನೋಡಿ, ನಮ್ಮ ತಾತ ಮಗನನ್ನು ರಾತ್ರಿ ಎಬ್ಬಿಸಿ ಸಾವಿನ ಸುದ್ದಿ ಹೊರಿಸಿ ಕಳಿಸಿದ. ರಾಮಜಿ ಸುಬೇದಾರರು ಮಗನನ್ನು ರಾತ್ರಿ ಎಬ್ಬಿಸಿ ಪುಸ್ತಕದ ಮುಂದೆ ಕೂರಿಸಿದರು. ತಾತನ ಮೇಲೆ ನನಗೆ ಬೇಜಾರಿಲ್ಲ, ಅವನಿಗೆ ಬೇರೆ ದಾರಿ ಯಾರೂ ತೋರಿಸಿರಲಿಲ್ಲ.

ನಮ್ಮ ರಾಜ್ಯದಲ್ಲಿ ಈ ರಾತ್ರಿ ಬದಲಾದದ್ದು ಹಾಸ್ಟೆಲುಗಳಲ್ಲಿ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ಕತೆ ಕವಿ ಸಿದ್ದಲಿಂಗಯ್ಯನವರ 'ಊರುಕೇರಿ'ಯಲ್ಲಿದೆ. ಹಸಿವು, ಜಗಳ, ನಗು ಎಲ್ಲ ಅದರಲ್ಲಿದೆ. ಹಳ್ಳಿಯಿಂದ ಬಂದ ಹುಡುಗ ಮೊದಲ ಸಲ ಅಪ್ಪನ ಮನೆ, ಧಣಿಯ ಕೊಟ್ಟಿಗೆ ಎರಡರಿಂದಲೂ ದೂರ, ತನ್ನಂಥ ಇನ್ನೂರು ಹುಡುಗರ ಜೊತೆ ಮಧ್ಯರಾತ್ರಿವರೆಗೆ ವಾದ ಮಾಡ್ತಾ ಕೂರೋದು, ಇದಕ್ಕಿಂತ ದೊಡ್ಡ ನೈಟ್‌ಲೈಫ್ ನನಗೆ ಗೊತ್ತಿಲ್ಲ. 1973ರ ನವೆಂಬರಿನಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಎದ್ದ ಗಲಾಟೆಯಲ್ಲಿ ಏಟು ತಿಂದವರು ಈ ಹಾಸ್ಟೆಲ್ ಹುಡುಗರು. ಅದೇ ಬೆಂಕಿಯಿಂದ ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಬಸವಲಿಂಗಪ್ಪನವರೇ ಮಂತ್ರಿಯಾಗಿ ತಲೆಮೇಲೆ ಮಲ ಹೊರೋದನ್ನು ನಿಲ್ಲಿಸಿದ್ದು. ಆ ಮಲಕ್ಕೆ ಇಂಗ್ಲಿಷಿನಲ್ಲಿ ನೈಟ್ ಸಾಯಿಲ್ ಅಂತಾರೆ, ಇರುಳಿನ ಮಣ್ಣು! ಊರು ಏಳೋದರೊಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಹೊತ್ತು ಸಾಗಿಸಬೇಕಾದ್ದರಿಂದ ಆ ಹೆಸರು. ಅಂಥ ಇರುಳನ್ನೂ ನಮ್ಮವರು ಹೊತ್ತಿದ್ದಾರೆ.

ಡಿಎಸ್ಎಸ್ ಸಭೆಗಳು ಕೇರಿಗಳಲ್ಲಿ ರಾತ್ರಿಯೇ ನಡೀತಿದ್ದವು. ಕೂಲಿ ಮುಗಿಸಿ, ಮುದ್ದೆ ಉಂಡ ಮೇಲೆ ತಾನೆ ಜನ ಸೇರೋದು. ಲಾಟೀನು, ಒಂದು ತಮಟೆ, ಹಾಡು. ನನಗೆ ನೆನಪಿರೋ ಮೊದಲ ಸಭೆಗೆ ನಾನು ಹೋದದ್ದು ಚಿಕ್ಕಪ್ಪನ ಹೆಗಲ ಮೇಲೆ. ಅಲ್ಲಿ ತಮಟೆ ಬಡಿದದ್ದು ಯಾರ ಹೆಣದ ಮುಂದೆಯೂ ಅಲ್ಲ. ಅಲ್ಲಿವರೆಗೆ ನಮ್ಮ ಕೇರಿಯ ಹುಡುಗ ಮಾರಿಹಬ್ಬದ ರಾತ್ರಿ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿ ಮೊದಲ ಸಲ ಊರ ಮುಂದೆ ಬಡಿದಾಗ ದೊಡ್ಡವನಾಗ್ತಿದ್ದ. ಬಡಿಯಲ್ಲ ಅಂದ ಕೇರಿಗಳಿಗೆ ಬಹಿಷ್ಕಾರ ಬಿತ್ತು, ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಡಲಿಲ್ಲ. ಆಮೇಲೆ ಅದೇ ತಮಟೆ ಕಲೆ ಆಯ್ತು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಹಬ್ಬ ಮಾಡಿದ್ವಿ.

ಈಗ ಪಬ್ಬಿನ ವಿಷಯಕ್ಕೆ ಬರ್ತೀನಿ. ಇಲ್ಲಿ ನಮ್ಮವರಲ್ಲೇ ಎರಡು ಅಭಿಪ್ರಾಯ ಇದೆ. ಹಿರಿಯರು ಕುಡಿತದ ಹೆಸರು ಎತ್ತಿದರೇ ಉರಿದು ಬೀಳ್ತಾರೆ. ಅದಕ್ಕೆ ಕಾರಣ ಇದೆ. 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ಡಿಎಸ್ಎಸ್ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಸಾರಾಯಿ ಪ್ಯಾಕೆಟ್ಟು ನಮ್ಮ ಕೇರಿಗಳ ಎಷ್ಟು ಗಂಡಸರನ್ನು ನುಂಗಿದೆ ಅಂತ ನಮಗೆ ಗೊತ್ತು, ಟಿವಿಯವರಿಗೆ ಗೊತ್ತಿಲ್ಲ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಬಡವನ ಬಾಟಲಿ ನಿಂತಿತು, ಉಳ್ಳವನ ಗ್ಲಾಸು ನಿಲ್ಲಲಿಲ್ಲ ಅನ್ನೋದನ್ನೂ ಮರೆಯಬಾರದು. ಬೆಂಗಳೂರಲ್ಲಿ ಈಗ ರಾತ್ರಿ ಒಂದು ಗಂಟೆವರೆಗೆ ಬಾಗಿಲು ತೆಗೆದಿರುತ್ತೆ.

ಆದರೂ 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಶ್ರೀರಾಮ ಸೇನೆಯವರು ಹುಡುಗಿಯರನ್ನು ಎಳೆದಾಡಿ ಹೊಡೆದಾಗ ನಾವು ಯಾವ ಕಡೆ ನಿಲ್ಲಬೇಕು ಅನ್ನೋದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೆಣ್ಣಿಗೆ ರಾತ್ರಿ ಇಲ್ಲ ಅನ್ನೋ ಬಾಯಿ, ಹೊಲೆಯನಿಗೆ ಊರ ಬೀದಿ ಇಲ್ಲ ಅಂದ ಬಾಯಿಯೇ. 2016ರ ಕೊನೇ ರಾತ್ರಿ ಎಂ.ಜಿ. ರೋಡಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದಾಗ ಆಗಿನ ಗೃಹಮಂತ್ರಿ ಪರಮೇಶ್ವರ್ ಅವರು ಪಾಶ್ಚಾತ್ಯ ಮನಸ್ಥಿತಿ, ಬಟ್ಟೆಬರೆಯ ಮಾತಾಡಿದರು. ನಮ್ಮವರೇ ಆದ ಮಂತ್ರಿಯ ಬಾಯಲ್ಲಿ ಆ ಮಾತು ಕೇಳಿ ಬಹಳ ನೋವಾಯ್ತು. ನಮ್ಮ ಅಜ್ಜಿಯರ ಎದೆ ಮೇಲೆ ಬಟ್ಟೆ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡಿದವರ ಭಾಷೆ ಅದು, ನಮ್ಮದಲ್ಲ ಸಾರ್.

ಮತ್ತೆ ಆ ಪಬ್ಬಿನ ಒಳಗೆ ಯಾರಿದ್ದಾರೆ ಅಂತಲೂ ನೋಡಿ. ಬಾಗಿಲಲ್ಲಿ ನಿಂತ ಬೌನ್ಸರ್, ಲೋಟ ತೊಳೆಯೋ ಹುಡುಗ, ಹೊರಗೆ ಕ್ಯಾಬಿನಲ್ಲಿ ಕಾಯ್ತಾ ಕೂತ ಡ್ರೈವರ್, ಹನ್ನೆರಡು ಗಂಟೆಗೆ ಬಿರಿಯಾನಿ ಹೊತ್ತು ಓಡೋ ಡೆಲಿವರಿ ಹುಡುಗ. ಊರು ಯಾವುದಪ್ಪಾ ಅಂತ ಮಾತಾಡಿಸಿ ನೋಡಿ, ಗೊತ್ತಾಗುತ್ತೆ. ಜನವರಿ 1ರ ಬೆಳಿಗ್ಗೆ ಬಾಟಲಿ ಚೂರು ಗುಡಿಸೋ ಪೌರಕಾರ್ಮಿಕ ಅಕ್ಕಂದಿರನ್ನಂತೂ ಕೇಳೋದೇ ಬೇಡ. ಒಳಗೆ ಹೋಗೋಕೆ ಇಪ್ಪತ್ತೊಂದು ವರ್ಷ ಆಗಿರಬೇಕು ಅಂತ ಅಬಕಾರಿ ನಿಯಮ. ಹೊರಗೆ ಕಾಯೋಕೆ ಅಂಥ ನಿಯಮ ಇಲ್ಲ.

ನನ್ನ ಮಗಳು ಡಿಗ್ರಿ ಎರಡನೇ ವರ್ಷ. ಕಳೆದ ಏಪ್ರಿಲ್ 13ರ ರಾತ್ರಿ "ಅಪ್ಪಾ, ಹನ್ನೆರಡು ಗಂಟೆಗೆ ಅಂಬೇಡ್ಕರ್ ಪ್ರತಿಮೆ ಹತ್ರ ಎಲ್ಲಾರೂ ಸೇರ್ತೀವಿ, ನಾನೂ ಹೋಗ್ತೀನಿ" ಅಂದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಇಷ್ಟು ವರ್ಷ ಭಾಷಣ ಮಾಡಿದವನು ಈಗ ಏನು ಹೇಳ್ತಾನೆ ಅನ್ನೋ ಥರ. "ಹೋಗಿ ಬಾರವ್ವ, ಗಾಡಿ ಕೀ ಅಲ್ಲೇ ಇದೆ" ಅಂದೆ. ಅವಳು ವಾಪಸ್ ಬಂದಾಗ ಎರಡು ಗಂಟೆ. ನಿದ್ದೆ ಬಂದಿರಲಿಲ್ಲ, ಎದ್ದೇ ಇದ್ದೆ. ಕೈಯೆಲ್ಲ ಕೆಂಪಾಗಿತ್ತು. ಏನವ್ವಾ ಅಂದ್ರೆ, "ಹುಡುಗೀರೇ ತಮಟೆ ಬಡಿದ್ವಿ ಅಪ್ಪಾ. ಹತ್ತು ಗಂಟೆ ಮೇಲೆ ಮೈಕು ಹಾಕೋ ಹಾಗಿಲ್ಲ ಅಂತ ಪೊಲೀಸಿನವರು ಸೆಟ್ಟು ತೆಗೆಸಿದ್ರು. ಅದಕ್ಕೆ ತಮಟೆ ಸಾಕು ಅಂತ ಬಡಿದ್ವಿ" ಅಂದಳು. ಊಟ ಮಾಡಿದ್ಯಾ ಅಂತ ಕೇಳಿದೆ. ಕೇಕು ತಿಂದಿದೀನಿ ಅಂದು ಹೋಗಿ ಮಲಗಿದಳು.